ಯೆಹೂದ್ಯ ಬೇರು, ಯವನ ನುಡಿ

ನಮ್ಮ ಹಳೆಯ ಗ್ರಂಥಗಳಲ್ಲಿ ಗ್ರೀಕರಿಗೆ ಯವನರೆಂದು ಹೆಸರು. ಪಶ್ಚಿಮ ಏಷ್ಯದ ಯೆಹೂದ್ಯರೂ ತಮ್ಮ ಹೀಬ್ರೂ ಭಾಷೆಯಲ್ಲಿ ಗ್ರೀಸ್ ದೇಶವನ್ನು 'ಯಾವಾನ್' ಎಂದೇ ಕರೆಯುತ್ತಿದ್ದರು. ಎರಡು ಮಾತಿಗೂ ಮೂಲ ಒಂದೇ. ಏಷ್ಯಾ ಮೈನರಿನ ಕಡಲ ಕರೆಯಲ್ಲಿದ್ದ ಅಯೋನಿಯ ಎಂಬ ಗ್ರೀಕ್ ನಾಡಿನ ಹೆಸರು ಪೂರ್ವದವರ ಬಾಯಲ್ಲಿ ಹೀಗೆ ತಿರುಗಿತು. ಒಂದೇ ಜನವನ್ನು ನಾವೂ ಕಂಡೆವು, ಯೆಹೂದ್ಯರೂ ಕಂಡರು. ಆದರೆ ಯೆಹೂದ್ಯರಿಗೆ ಆ ಪರಿಚಯದಿಂದ ಒದಗಿದ ಸಂಕಟವೂ ಫಲವೂ ಬಹು ದೊಡ್ಡವು. ಕ್ರೈಸ್ತಮತದ ಮೊದಲ ದಿನಗಳ ಕಥೆ ಆ ಫಲಗಳಲ್ಲೊಂದು.

ಈಗ ನೀವು ಕೇಳಿಬಲ್ಲ ಕೆಲವು ಮಾತುಗಳನ್ನು ನೆನಪಿಗೆ ತಂದುಕೊಳ್ಳಿ. 'ಕ್ರಿಸ್ತ' ಎಂಬುದು ಗ್ರೀಕ್ ಶಬ್ದ. ಎಣ್ಣೆಯಿಂದ ಅಭಿಷೇಕ ಹೊಂದಿದವನು ಎಂದು ಅದರ ಅರ್ಥ. 'ಬೈಬಲ್' ಗ್ರೀಕ್, ಪುಸ್ತಕಗಳು ಎಂದರ್ಥ. 'ಬಿಷಪ್' ಎಂಬುದು ಮೇಲ್ವಿಚಾರಕ ಎಂಬರ್ಥದ 'ಎಪಿಸ್ಕೊಪೊಸ್' ಸವೆದು ಉಳಿದ ರೂಪ. ಮಂಗಳೂರಿನ ಕಡೆಯವರು ದೇವಾಲಯಕ್ಕೆ 'ಇಗರ್ಜಿ' ಎನ್ನುತ್ತಾರಲ್ಲ, ಅದು ಪೋರ್ಚುಗೀಸರ ಬಾಯಿಂದ ನಮ್ಮ ಕರಾವಳಿಗೆ ಇಳಿದದ್ದು. ಅದರ ಹಿಂದೆ ಇರುವುದು 'ಎಕ್ಲೇಸಿಯ', ಅಂದರೆ ಸಭೆ, ಎಂಬ ಗ್ರೀಕ್ ಮಾತು. 'ಯೇಸು' ಎಂಬ ಹೆಸರು ಕೂಡ ಯೇಶುವ ಎಂಬ ಯೆಹೂದ್ಯ ಹೆಸರಿನ ಗ್ರೀಕ್ ರೂಪದಿಂದ ಬಂದದ್ದು.

ಇದು ವಿಚಿತ್ರವಲ್ಲವೇ? ಯೇಸು ಯೆಹೂದ್ಯ. ಆತನ ತಾಯಿ ಯೆಹೂದ್ಯಳು, ಶಿಷ್ಯರು ಯೆಹೂದ್ಯರು. ಆತ ಗಲಿಲಾಯದ ಹಳ್ಳಿಗಳಲ್ಲಿ ಆಡಿದ್ದು ಅರಮಾಯಿಕ್ ಭಾಷೆ. ಆದರೂ ಹೊಸ ಒಡಂಬಡಿಕೆಯ ೨೭ ಪುಸ್ತಕಗಳೂ ನಮಗೆ ದೊರೆತಿರುವುದು ಗ್ರೀಕಿನಲ್ಲಿ. ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರ ಹೀಗಿದೆ: ಬೇರು ಯೆಹೂದ್ಯರದು, ಆಮೇಲೆ ಅನ್ಯಜನರು ಬಂದು ಅದಕ್ಕೆ ಗ್ರೀಕ್ ಉಡುಪು ತೊಡಿಸಿದರು. ಈ ಉತ್ತರ ಸುಲಭವಾಗಿದೆ, ಆದರೆ ಸರಿಯಾಗಿಲ್ಲ. ಆ ಉಡುಪನ್ನು ನೆಯ್ದವರು ಯೆಹೂದ್ಯರೇ. ಯೇಸು ಹುಟ್ಟುವ ಹೊತ್ತಿಗೆ ಆ ಮಗ್ಗ ಸುಮಾರು ಮುನ್ನೂರು ವರ್ಷ ನಡೆದಿತ್ತು.

ಕ್ರಿ. ಪೂ. ೩೩೨ರಲ್ಲಿ ಅಲೆಗ್ಸಾಂಡರನ ಸೈನ್ಯ ಪ್ಯಾಲೆಸ್ಟೈನನ್ನು ಹಾದು ಈಜಿಪ್ಟಿಗೆ ಇಳಿಯಿತು. ೩೨೩ರಲ್ಲಿ ಅವನು ಬ್ಯಾಬಿಲೋನಿನಲ್ಲಿ ಸತ್ತ ಮೇಲೆ ಸೇನಾಪತಿಗಳು ರಾಜ್ಯವನ್ನು ಹಂಚಿಕೊಂಡರು. ಯೆಹೂದ್ಯರ ನಾಡು ಮೊದಲು ಈಜಿಪ್ಟನ್ನಾಳಿದ ಟಾಲೆಮಿಗಳ ಕೈಯಲ್ಲಿದ್ದು, ಸುಮಾರು ಕ್ರಿ. ಪೂ. ೨೦೦ರಲ್ಲಿ ಸಿರಿಯದ ಸೆಲ್ಯೂಕಸ್ ವಂಶದವರ ಪಾಲಾಯಿತು. ಅರಸರು ಬದಲಾದರೂ ಆಡಳಿತದ ಭಾಷೆ, ವ್ಯಾಪಾರದ ಭಾಷೆ, ನಾಗರಿಕನೆನಿಸಿಕೊಳ್ಳುವವನ ಭಾಷೆ ಒಂದೇ ಆಗಿತ್ತು: ಗ್ರೀಕ್.

ಜೆರೂಸಲೇಮಿನ ಸಿರಿವಂತರಿಗೆ ಈ ಹೊಸ ನಾಗರಿಕತೆ ಹಿಡಿಸಿತು. ಕ್ರಿ. ಪೂ. ೧೭೫ರ ಸುಮಾರಿನಲ್ಲಿ ಮಹಾಯಾಜಕನಾದ ಜೇಸನ್ ಎಂಬಾತ—ಹೆಸರೇ ಗ್ರೀಕ್, ನೋಡಿ—ಪವಿತ್ರ ನಗರದಲ್ಲಿ ಗ್ರೀಕ್ ಮಾದರಿಯ ಗರಡಿಮನೆಯನ್ನು ಕಟ್ಟಿಸಿದ. ಯಾಜಕರು ಬಲಿಪೀಠದ ಸೇವೆಯನ್ನು ಬಿಟ್ಟು ಕುಸ್ತಿ ನೋಡಲು ಓಡುತ್ತಿದ್ದರೆಂದು ಆ ಕಾಲವನ್ನು ಕುರಿತ ಪುಸ್ತಕವೊಂದು ದೂರುತ್ತದೆ. ವಿಷಯ ಅಷ್ಟಕ್ಕೇ ನಿಂತಿದ್ದರೆ ಕಾಲಕ್ರಮದಲ್ಲಿ ಎಲ್ಲವೂ ಕಲೆತುಹೋಗುತ್ತಿತ್ತೋ ಏನೋ. ಆದರೆ ಕ್ರಿ. ಪೂ. ೧೬೭ರಲ್ಲಿ ಅರಸು ನಾಲ್ಕನೆಯ ಆಂಟಿಯೋಕಸ್ ಸಬ್ಬತ್ತಿನ ಆಚರಣೆಯನ್ನೂ ಸುನ್ನತಿಯನ್ನೂ ನಿಷೇಧಿಸಿ, ದೇವಾಲಯದಲ್ಲಿ ಅನ್ಯದೇವತೆಯ ಪೂಜೆಯನ್ನು ನಡೆಸಿದ. ಮೋದೇಯಿನ್ ಎಂಬ ಹಳ್ಳಿಯ ಯಾಜಕ ಮತ್ತಥೀಯನೂ ಅವನ ಮಕ್ಕಳೂ ದಂಗೆಯೆದ್ದರು. ಮಗ ಯೂದ ಮಕ್ಕಬಿಯನು ಕ್ರಿ. ಪೂ. ೧೬೪ರಲ್ಲಿ ದೇವಾಲಯವನ್ನು ಗೆದ್ದು ಶುದ್ಧಿಗೊಳಿಸಿದ. ಆ ದಿನದ ನೆನಪಿಗಾಗಿ ಯೆಹೂದ್ಯರು ಇಂದಿಗೂ ಹನುಕ್ಕ ಹಬ್ಬದಲ್ಲಿ ಎಂಟು ದಿನ ದೀಪ ಹಚ್ಚುತ್ತಾರೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಈ ದಂಗೆಯನ್ನು ಕೊಂಡಾಡುವ 'ಎರಡನೆಯ ಮಕ್ಕಬಿಯರು' ಎಂಬ ಪುಸ್ತಕ ರಚಿತವಾದದ್ದು ಗ್ರೀಕಿನಲ್ಲಿ. ಅದೂ ಅಲಂಕಾರ ತುಂಬಿದ ಪ್ರೌಢ ಗ್ರೀಕಿನಲ್ಲಿ. ಯೆಹೂದ್ಯರ ಬಾಳುವೆಗೂ ಧರ್ಮಕ್ಕೂ ಒಟ್ಟಾಗಿ 'ಯೂದಾಯಿಸ್ಮೊಸ್' ಎಂಬ ಹೆಸರು ನಮಗೆ ಮೊಟ್ಟಮೊದಲು ಸಿಕ್ಕುವುದು ಆ ಪುಸ್ತಕದಲ್ಲೇ. ಗ್ರೀಕರ ರೀತಿಯನ್ನು ಎದುರಿಸಿ ನಿಂತವರು ತಾವು ಯಾರೆಂದು ಹೇಳಿಕೊಳ್ಳುವುದಕ್ಕೂ ಗ್ರೀಕ್ ಮಾತೇ ಬೇಕಾಯಿತು! ಮುಂದೆ ಮಕ್ಕಬಿಯರ ವಂಶದ ಅರಸರೇ ಅಲೆಗ್ಸಾಂಡರ್, ಅರಿಸ್ಟೊಬ್ಯುಲಸ್ ಎಂಬ ಹೆಸರಿಟ್ಟುಕೊಂಡು, ನಾಣ್ಯದ ಒಂದು ಮುಖದಲ್ಲಿ ಹೀಬ್ರೂ, ಇನ್ನೊಂದರಲ್ಲಿ ಗ್ರೀಕ್ ಅಕ್ಷರ ಹಾಕಿಸಿದರು.

ಕಲ್ಲುಗಳೂ ಇದಕ್ಕೆ ಸಾಕ್ಷಿ ಹೇಳುತ್ತವೆ. ಹೆರೋದನು ಕಟ್ಟಿಸಿದ ಜೆರೂಸಲೇಮಿನ ದೇವಾಲಯದಲ್ಲಿ ಅನ್ಯಜನರು ಒಂದು ಗಡಿಯನ್ನು ದಾಟಿ ಒಳಗೆ ಬರಕೂಡದು, ಬಂದವನ ಸಾವಿಗೆ ಅವನೇ ಹೊಣೆ ಎಂದು ಎಚ್ಚರಿಸುವ ಶಾಸನವೊಂದಿತ್ತು. ೧೮೭೧ರಲ್ಲಿ ದೊರೆತ ಆ ಕಲ್ಲು ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಅದರ ಭಾಷೆ ಗ್ರೀಕ್. ಹೊರಗಿನವರಿಗೆ ಹೇಳಿದ ಮಾತಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ ಎನ್ನುವಿರಿ. ಹಾಗಾದರೆ ೧೯೧೩-೧೪ರಲ್ಲಿ ಅದೇ ನಗರದಲ್ಲಿ ಅಗೆದು ತೆಗೆದ ಇನ್ನೊಂದು ಕಲ್ಲನ್ನು ನೋಡಿ. ಥಿಯೊಡೊಟಸ್ ಎಂಬ ಯಾಜಕನು, ಧರ್ಮಶಾಸ್ತ್ರವನ್ನು ಓದುವುದಕ್ಕೂ ಆಜ್ಞೆಗಳನ್ನು ಕಲಿಸುವುದಕ್ಕೂ ಪ್ರಾರ್ಥನಾಮಂದಿರವನ್ನು ಕಟ್ಟಿಸಿ, ದೂರದಿಂದ ಬಂದ ಯಾತ್ರಿಕರಿಗಾಗಿ ಕೋಣೆಗಳನ್ನೂ ನೀರಿನ ಅನುಕೂಲವನ್ನೂ ಮಾಡಿಸಿದನೆಂದು ಅದರಲ್ಲಿ ಬರೆದಿದೆ. ಅವನ ತಂದೆಯೂ ಅಜ್ಜನೂ ಸಭೆಯ ಮುಖ್ಯರಾಗಿದ್ದವರೇ. ಇದು ಕ್ರಿ. ಶ. ೭೦ಕ್ಕೆ ಹಿಂದಿನದೆಂದು ಹೆಚ್ಚಿನ ವಿದ್ವಾಂಸರ ಮತ. ಯೆಹೂದ್ಯ ಯಾಜಕ ಯೆಹೂದ್ಯರಿಗಾಗಿ, ಅವರ ಪವಿತ್ರ ನಗರದ ನಡುವೆ, ಬರೆಸಿದ ಈ ಶಾಸನವೂ ಗ್ರೀಕಿನಲ್ಲಿದೆ. 'ಸಿನಗಾಗ್' ಎಂಬ ಮಾತೇ ಗ್ರೀಕ್. ಒಟ್ಟು ಸೇರುವುದು ಎಂದು ಅದರ ಅರ್ಥ.

ಆದರೆ ಎಲ್ಲಕ್ಕಿಂತ ದೊಡ್ಡ ಕೆಲಸ ನಡೆದದ್ದು ಜೆರೂಸಲೇಮಿನಲ್ಲಲ್ಲ, ಈಜಿಪ್ಟಿನ ಅಲೆಗ್ಸಾಂಡ್ರಿಯದಲ್ಲಿ. ಆ ನಗರದ ಐದು ಕೇರಿಗಳಲ್ಲಿ ಎರಡನ್ನು ಯೆಹೂದ್ಯರ ಕೇರಿಗಳೆಂದೇ ಕರೆಯುತ್ತಿದ್ದರು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಹೀಬ್ರೂ ಬಾರದು. ಮನೆಯ ಮಾತು ಗ್ರೀಕ್, ಪೇಟೆಯ ಮಾತು ಗ್ರೀಕ್. ತಾತ ಓದುತ್ತಿದ್ದ ಧರ್ಮಗ್ರಂಥ ಮೊಮ್ಮಗನಿಗೆ ಬರಿಯ ಸದ್ದಾಗಿ ಕೇಳಿಸತೊಡಗಿದರೆ ಮಾಡುವುದೇನು? ಒಂದೋ ಗ್ರಂಥವನ್ನು ಮಕ್ಕಳ ಭಾಷೆಗೆ ತರಬೇಕು, ಇಲ್ಲವೆ ಮಕ್ಕಳನ್ನು ಕಳೆದುಕೊಳ್ಳಬೇಕು. ಅಲೆಗ್ಸಾಂಡ್ರಿಯದವರು ಮೊದಲನೆಯ ದಾರಿಯನ್ನು ಹಿಡಿದರು.

ಕ್ರಿ. ಪೂ. ಮೂರನೆಯ ಶತಮಾನದಲ್ಲಿ ಮೋಶೆಯ ಐದು ಪುಸ್ತಕಗಳು ಗ್ರೀಕಿಗೆ ಬಂದವು. ಮಿಕ್ಕವು ಮುಂದಿನ ಒಂದೆರಡು ಶತಮಾನಗಳಲ್ಲಿ ಬಂದವು. ಇದನ್ನು ಕುರಿತು ಒಂದು ಸೊಗಸಾದ ಐತಿಹ್ಯವಿದೆ. ಅರಸು ಎರಡನೆಯ ಟಾಲೆಮಿ ತನ್ನ ಗ್ರಂಥಾಲಯಕ್ಕಾಗಿ ಯೆಹೂದ್ಯರ ಶಾಸ್ತ್ರವನ್ನು ಬಯಸಿದನಂತೆ. ಜೆರೂಸಲೇಮಿನ ಮಹಾಯಾಜಕನು ಹನ್ನೆರಡು ಕುಲಗಳಿಂದ ಕುಲಕ್ಕೆ ಆರು ಮಂದಿಯಂತೆ ೭೨ ವಿದ್ವಾಂಸರನ್ನು ಕಳುಹಿಸಿದನಂತೆ. ಅವರು ೭೨ ದಿನಗಳಲ್ಲಿ ಕೆಲಸ ಮುಗಿಸಿದರಂತೆ. ಆದಕಾರಣ ಅದಕ್ಕೆ 'ಎಪ್ಪತ್ತು' ಎಂಬರ್ಥದ 'ಸೆಪ್ಟುಅಜಿಂಟ್' ಎಂಬ ಹೆಸರು ನಿಂತಿತು. ಕಥೆಯನ್ನು ಅಕ್ಷರಶಃ ನಂಬಬೇಕಾಗಿಲ್ಲ. ಆದರೆ ಆ ಭಾಷಾಂತರವನ್ನು ಜನ ಎಷ್ಟು ಪ್ರೀತಿಸಿದರೆಂಬುದನ್ನು ಅದು ಹೇಳುತ್ತದೆ. ವರ್ಷಕ್ಕೊಮ್ಮೆ ಯೆಹೂದ್ಯರೂ ಅವರೊಡನೆ ಇತರರೂ ಫೇರಾಸ್ ದ್ವೀಪಕ್ಕೆ ದಾಟಿ, ಭಾಷಾಂತರ ನಡೆದ ಜಾಗದಲ್ಲಿ ದೇವರನ್ನು ವಂದಿಸಿ, ಕಡಲ ದಂಡೆಯಲ್ಲಿ ಊಟ ಮಾಡುತ್ತಿದ್ದರು. ಒಂದು ಭಾಷಾಂತರಕ್ಕಾಗಿ ಊರಿಗೆ ಊರೇ ಹಬ್ಬ ಮಾಡುವುದನ್ನು ನೀವು ಬೇರೆಲ್ಲಾದರೂ ಕೇಳಿದ್ದೀರಾ?

ಭಾಷಾಂತರವೆಂದರೆ ಕೊಡದಿಂದ ಕೊಡಕ್ಕೆ ನೀರು ಸುರಿದಂತಲ್ಲ. ಹೀಬ್ರೂ 'ತೋರಾ' ಎಂದರೆ ಉಪದೇಶ, ತಂದೆ ಮಗನಿಗೆ ತೋರಿಸುವ ದಾರಿ. ಗ್ರೀಕಿನಲ್ಲಿ ಅದು 'ನೊಮೊಸ್' ಆಯಿತು, ಅಂದರೆ ಕಾನೂನು. 'ಮಾಷಿಯಾ' ಎಂಬುದು 'ಕ್ರಿಸ್ತೊಸ್' ಆಯಿತು. ಬಾಯಲ್ಲಿ ನುಡಿಯಬಾರದ ದೇವರ ನಾಮದ ಬದಲಿಗೆ 'ಕ್ಯೂರಿಯೊಸ್', ಅಂದರೆ ಒಡೆಯ, ಎಂದು ಓದುವ ರೂಢಿ ಬಂತು. ಮೃತಸಮುದ್ರದ ಬಳಿಯ ಗುಹೆಯೊಂದರಲ್ಲಿ ೧೯೫೦ರ ದಶಕದ ಆರಂಭದಲ್ಲಿ ಪ್ರವಾದಿಗಳ ಪುಸ್ತಕದ ಗ್ರೀಕ್ ಸುರುಳಿಯೊಂದು ದೊರೆಯಿತು. ಅದರ ಇನ್ನೂ ಕೆಲವು ಚೂರುಗಳು ಸಿಕ್ಕಿದ ಸುದ್ದಿ ೨೦೨೧ರಲ್ಲಿ ಪ್ರಕಟವಾಯಿತು. ಅದರಲ್ಲಿ ಬರವಣಿಗೆಯೆಲ್ಲ ಗ್ರೀಕ್; ಆದರೆ ದೇವರ ನಾಮ ಬರುವ ಕಡೆ ಮಾತ್ರ ಲಿಪಿಕಾರನು ಪುರಾತನ ಹೀಬ್ರೂ ಅಕ್ಷರಗಳನ್ನೇ ಬರೆದಿದ್ದಾನೆ. ಎಲ್ಲವನ್ನೂ ಪರಭಾಷೆಗೆ ಒಪ್ಪಿಸಿಯೂ ಒಂದನ್ನು ಮಾತ್ರ ಒಪ್ಪಿಸದೆ ಉಳಿಸಿಕೊಂಡ ಆ ಕೈಯನ್ನು ನೆನೆದರೆ ಮನಸ್ಸು ಕರಗುತ್ತದೆ.

ಅಲೆಗ್ಸಾಂಡ್ರಿಯದ ಯೆಹೂದ್ಯರಲ್ಲಿ ಅತಿ ದೊಡ್ಡ ಹೆಸರು ಫೈಲೊ. ಅವನು ಯೇಸುವಿನ ಸಮಕಾಲೀನ. ಕ್ರಿ. ಶ. ೩೮ರಲ್ಲಿ ನಗರದಲ್ಲಿ ಯೆಹೂದ್ಯರ ಮೇಲೆ ಘೋರವಾದ ಹಲ್ಲೆ ನಡೆದಾಗ, ರೋಮಿನ ಚಕ್ರವರ್ತಿಯ ಬಳಿಗೆ ಅಹವಾಲು ಒಯ್ದ ನಿಯೋಗಕ್ಕೆ ಅವನೇ ಮುಖಂಡ. ಮೋಶೆಯಲ್ಲಿ ಅವನಿಗೆ ಎಷ್ಟು ನಿಷ್ಠೆಯೋ ಪ್ಲೇಟೋವಿನಲ್ಲಿಯೂ ಅಷ್ಟೇ ಗೌರವ. ಅರಿವಿಗೆ ನಿಲುಕದ ದೇವರಿಗೂ ಈ ಜಗತ್ತಿಗೂ ನಡುವೆ 'ಲೋಗೊಸ್' ಇದೆ, ದೇವರು ಜಗತ್ತನ್ನು ರಚಿಸಿದ್ದು ಅದರ ಮೂಲಕ ಎಂದು ಅವನು ಬರೆದ. ಲೋಗೊಸ್ ಎಂದರೆ ಮಾತು. ವಿವೇಕ, ವಿಶ್ವದ ಒಳಗಿನ ನಿಯಮ ಎಂದೂ ಅರ್ಥ. ಶಬ್ದ ಗ್ರೀಕ್ ದಾರ್ಶನಿಕರದು. ಆದರೆ ದೇವರು ನುಡಿದನು, ಜಗತ್ತು ಆಯಿತು ಎಂಬ ಯೆಹೂದ್ಯ ನಂಬಿಕೆಯೇ ಅದರ ಒಳಗಿನ ತಿರುಳು.

ಇಷ್ಟು ಸಿದ್ಧವಾಗಿದ್ದ ನೆಲಕ್ಕೆ ಹೊಸ ಬೀಜ ಬಿತ್ತು. ಕ್ರಿ. ಶ. ೩೦ರ ಸುಮಾರಿನಲ್ಲಿ ಯೇಸುವನ್ನು ಶಿಲುಬೆಗೇರಿಸಿದರು. ಅನಂತರ ಜೆರೂಸಲೇಮಿನಲ್ಲಿ ಒಂದುಗೂಡಿದ ಶಿಷ್ಯಸಮುದಾಯದಲ್ಲಿ ಬಹು ಬೇಗನೆ ಒಂದು ಜಗಳ ಹುಟ್ಟಿತು. ಅದು ದೊಡ್ಡ ತತ್ತ್ವದ ಜಗಳವಲ್ಲ, ಅನ್ನದ ಜಗಳ. ದಿನದಿನವೂ ವಿಧವೆಯರಿಗೆ ಆಹಾರ ಹಂಚುವಾಗ ಗ್ರೀಕ್ ಮಾತನಾಡುವ ಮನೆತನಗಳ ವಿಧವೆಯರನ್ನು ಕಡೆಗಣಿಸುತ್ತಾರೆ ಎಂದು ದೂರು ಬಂತು. ಕೊಡುವವರೂ ಯೆಹೂದ್ಯರೇ, ಬೇಡುವವರೂ ಯೆಹೂದ್ಯರೇ. ಭೇದ ಆಡುವ ಮಾತಿನದು. ಅಪೊಸ್ತಲರು ಈ ಕೆಲಸಕ್ಕೆ ಏಳು ಜನರನ್ನು ನೇಮಿಸಿದರು. ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ—ಏಳೂ ಗ್ರೀಕ್ ಹೆಸರುಗಳು! ದೂರು ಕೊಟ್ಟವರ ಕಡೆಯವರ ಕೈಗೇ ಹಂಚುವ ಅಧಿಕಾರವನ್ನು ಕೊಟ್ಟಂತೆ ತೋರುತ್ತದೆ. ಇದರಲ್ಲಿ ನಾವು ಮೆಚ್ಚಬೇಕಾದ ವಿವೇಕವಿದೆ.

ಈ ಏಳು ಮಂದಿಯಲ್ಲಿ ಸ್ತೆಫನನನ್ನು ಕಲ್ಲೆಸೆದು ಕೊಂದರು. ಉಳಿದ ಗ್ರೀಕ್ ಮಾತಿನವರು ಚದರಿಹೋದರು. ಚದರಿದವರು ಹೋದಲ್ಲೆಲ್ಲ ಸುದ್ದಿ ಹೋಯಿತು. ಸಿರಿಯದ ಆಂಟಿಯೋಕ್ಯ ನಗರದಲ್ಲಿ ಯೆಹೂದ್ಯರಲ್ಲದವರೂ ಗುಂಪಿಗೆ ಸೇರಿದರು. 'ಕ್ರೈಸ್ತರು' ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ.

ಆಮೇಲೆ ಬಂದವನು ಪೌಲ. ಏಷ್ಯಾ ಮೈನರಿನ ತಾರ್ಸದಲ್ಲಿ ಹುಟ್ಟಿದ ಇವನಿಗೆ ಸೌಲನೆಂಬ ಹೀಬ್ರೂ ಹೆಸರೂ ಉಂಟು. ಗ್ರೀಕ್ ಅವನಿಗೆ ನೀರು ಕುಡಿದಷ್ಟು ಸುಲಭ. ಆದರೂ ತಾನು ಫರಿಸಾಯನೆಂಬ ಅಭಿಮಾನವನ್ನು ಅವನು ಬಿಟ್ಟವನಲ್ಲ. ಕ್ರಿ. ಶ. ೫೦ರ ಸುಮಾರಿನಲ್ಲಿ ಅವನು ಥೆಸಲೋನಿಕದವರಿಗೆ ಬರೆದ ಪತ್ರವೇ ನಮಗೆ ದೊರೆತಿರುವ ಕ್ರೈಸ್ತ ಬರವಣಿಗೆಗಳಲ್ಲಿ ಬಹುಶಃ ಎಲ್ಲಕ್ಕಿಂತ ಹಳೆಯದು. ಹೊಸ ಊರಿಗೆ ಹೋದಾಗ ಅವನು ಮೊದಲು ಹುಡುಕುತ್ತಿದ್ದುದು ಸಿನಗಾಗನ್ನು ಎಂದು ಅಪೊಸ್ತಲರ ಕೃತ್ಯಗಳ ಪುಸ್ತಕ ತಿಳಿಸುತ್ತದೆ. ಅಲ್ಲಿ ಗ್ರೀಕ್ ಧರ್ಮಗ್ರಂಥ ಇರುತ್ತಿತ್ತು. ಯೆಹೂದ್ಯರ ಏಕದೇವನನ್ನು ಮೆಚ್ಚಿಯೂ ಸುನ್ನತಿಗೆ ಹಿಂಜರಿದು ಹೊಸ್ತಿಲ ಬಳಿಯಲ್ಲೇ ನಿಂತ ಅನ್ಯಜನರೂ ಇರುತ್ತಿದ್ದರು. ಅವರಿಗೆ ಪೌಲ ಬಾಗಿಲು ತೆರೆದ. ಅಥೆನ್ಸಿನಲ್ಲಿ ಮಾತ್ರ ಅವನು ಅರಿಯೊಪಾಗದ ಸಭೆಯ ಮುಂದೆ ಗ್ರೀಕ್ ಕವಿಯ ಮಾತನ್ನೇ ಎತ್ತಿ ಆಡಿದನೆಂದು ಅದೇ ಪುಸ್ತಕ ಹೇಳುತ್ತದೆ. ಕೆಲವರು ನಕ್ಕರು, ಕೆಲವರು ಇನ್ನೊಂದು ದಿನ ಕೇಳೋಣವೆಂದರು. ಸಿನಗಾಗಿನ ಹೊಸ್ತಿಲಲ್ಲಿ ಸಿಕ್ಕ ಕಿವಿ ಅವನಿಗೆ ದಾರ್ಶನಿಕರ ನಡುವೆ ಸಿಕ್ಕಲಿಲ್ಲ. ಹೊಸ ಮತ ಹರಡಿದ ದಾರಿ ಗ್ರೀಕ್ ದರ್ಶನಶಾಲೆಗಳದ್ದಲ್ಲ, ಗ್ರೀಕ್ ಮಾತಾಡುವ ಯೆಹೂದ್ಯ ಮಂದಿರಗಳದ್ದು.

ಶತಮಾನದ ಕೊನೆಗೆ ಯೋಹಾನನ ಸುವಾರ್ತೆ ಬಂದಾಗ ಅದರ ಮೊದಲ ಸಾಲಿನಲ್ಲೇ 'ಲೋಗೊಸ್' ಕಾಣಿಸಿಕೊಂಡಿತು. ಕನ್ನಡ ಬೈಬಲಿನಲ್ಲಿ ಅದನ್ನು 'ವಾಕ್ಯ' ಎಂದು ಮಾಡಿದ್ದಾರೆ. ಗ್ರೀಕ್ ಓದುಗನಿಗೆ ಅದು ದಾರ್ಶನಿಕರ ಮಾತಾಗಿ ಕೇಳಿಸಿರಬೇಕು. ಯೆಹೂದ್ಯ ಓದುಗನಿಗೆ ಸೃಷ್ಟಿಯ ಮೊದಲ ದಿನ ನೆನಪಾಗಿರಬೇಕು. ಎರಡು ಕಿವಿಗಳಿಗೂ ಒಂದೇ ಶಬ್ದದಲ್ಲಿ ಹೇಳಬಲ್ಲ ಶಕ್ತಿ ಅಲೆಗ್ಸಾಂಡ್ರಿಯದ ಆ ಮುನ್ನೂರು ವರ್ಷಗಳ ಗಳಿಕೆ.

ಇನ್ನು ನಷ್ಟದ ಲೆಕ್ಕವನ್ನೂ ನೋಡಬೇಕು. ಕ್ರಿ. ಶ. ೭೦ರಲ್ಲಿ ರೋಮನರು ದೇವಾಲಯವನ್ನು ಸುಟ್ಟರು. ೧೩೨ರಿಂದ ೧೩೫ರವರೆಗೆ ನಡೆದ ಎರಡನೆಯ ದಂಗೆ ಇನ್ನೂ ಭೀಕರವಾಗಿ ಮುಗಿಯಿತು. ಅಳಿದುಳಿದ ಯೆಹೂದ್ಯರು ತಮ್ಮ ಹೀಬ್ರೂ ಗ್ರಂಥವನ್ನು ಎದೆಗೆ ಅವಚಿಕೊಂಡರು. ಅಷ್ಟರಲ್ಲಿ ಅವರ ಗ್ರೀಕ್ ಗ್ರಂಥ ಕ್ರೈಸ್ತರ ಕೈಗೆ ಹೋಗಿತ್ತು. ಅದರಿಂದಲೇ ವಾದವೂ ಹುಟ್ಟಿತ್ತು. ಪ್ರವಾದಿ ಯೆಶಾಯನ ಒಂದು ವಚನದಲ್ಲಿ ಹೀಬ್ರೂ ಶಬ್ದಕ್ಕೆ ಪ್ರಾಯದ ಹೆಣ್ಣು ಎಂದರ್ಥ; ಗ್ರೀಕ್ ಭಾಷಾಂತರದಲ್ಲಿ ಕನ್ಯೆ ಎಂಬರ್ಥದ ಮಾತು ಬಂದಿತ್ತು. ಮತ್ತಾಯನ ಸುವಾರ್ತೆ ಗ್ರೀಕನ್ನು ಅನುಸರಿಸಿತು. ಎರಡನೆಯ ಶತಮಾನದಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಲೇಖಕನು ಟ್ರೈಫೊ ಎಂಬ ಯೆಹೂದ್ಯನೊಡನೆ ನಡೆದ ಸಂವಾದವೆಂದು ಬರೆದಿರುವ ಗ್ರಂಥದಲ್ಲಿ ಈ ಒಂದು ಶಬ್ದಕ್ಕಾಗಿಯೇ ದೀರ್ಘ ಚರ್ಚೆ ನಡೆಯುತ್ತದೆ. ಯೆಹೂದ್ಯರಿಗಾಗಿ ಅಕ್ವಿಲನು ಹೀಬ್ರೂವಿಗೆ ಅಂಟಿಕೊಂಡು ಹೊಸ ಗ್ರೀಕ್ ಭಾಷಾಂತರವನ್ನೇ ಮಾಡಿದ. ಆ ಸ್ಥಳದಲ್ಲಿ ಪ್ರಾಯದ ಹೆಣ್ಣು ಎಂದೇ ಬರೆದ. ಫೇರಾಸ್ ದ್ವೀಪದಲ್ಲಿ ಹಬ್ಬವಾಗಿದ್ದ ದಿನವನ್ನು ಮುಂದಿನ ಕಾಲದ ಯೆಹೂದ್ಯ ಗ್ರಂಥವೊಂದು, ಇಸ್ರಾಯೇಲ್ಯರು ಬಂಗಾರದ ಕರುವನ್ನು ಮಾಡಿದ ದಿನದಷ್ಟು ಕೆಟ್ಟದ್ದೆಂದು ಶಪಿಸಿತು. ಫೈಲೊನ ಗ್ರಂಥಗಳನ್ನು ಕಾಪಾಡಿದವರು ಕೂಡ ಅವನ ಜನರಲ್ಲ, ಕ್ರೈಸ್ತರು. ಹೀಗೆ ತಾಯಿಯೂ ಮಗಳೂ ಒಂದೇ ಮನೆಯ ಒಡವೆಗಾಗಿ ಮುನಿದು ಬೇರೆಯಾದರು. ಆ ಮುನಿಸು ಮುಂದಿನ ಶತಮಾನಗಳಲ್ಲಿ ಯೆಹೂದ್ಯರ ಪಾಲಿಗೆ ಎಷ್ಟು ಕಣ್ಣೀರಾಯಿತೆಂಬುದನ್ನು ಯೂರೋಪಿನ ಚರಿತ್ರೆ ಓದಿದವರು ಬಲ್ಲರು.

ಇದೇ ಸಮಯದಲ್ಲಿ ಕ್ರೈಸ್ತರೊಳಗೂ ಒಂದು ಪರೀಕ್ಷೆ ಎದುರಾಯಿತು. ಮಾರ್ಸಿಯನ್ ಎಂಬುವನು, ಯೆಹೂದ್ಯರ ದೇವರು ಬೇರೆ, ಯೇಸುವಿನ ತಂದೆ ಬೇರೆ. ಆ ಹಳೆಯ ಗ್ರಂಥವೇ ನಮಗೆ ಬೇಡ ಎಂದ. ಗ್ರೀಕ್ ಓದಿನ ಅನೇಕರಿಗೆ ಇದು ರುಚಿಸಿತು. ಆದರೆ ಸುಮಾರು ಕ್ರಿ. ಶ. ೧೪೪ರಲ್ಲಿ ರೋಮಿನ ಸಭೆ ಅವನನ್ನು ಹೊರಗೆ ಹಾಕಿತು. ಬೇರನ್ನು ಕಡಿದುಕೊಳ್ಳಲು ಅದು ಒಪ್ಪಲಿಲ್ಲ. ಅಂದು ಒಪ್ಪಿದ್ದರೆ ಕ್ರೈಸ್ತಮತ ಇಂದು ನಾವು ಕಾಣುವ ಕ್ರೈಸ್ತಮತವಾಗಿರುತ್ತಿರಲಿಲ್ಲ. ಅದರ ಕೀರ್ತನೆಗಳೂ ಪ್ರವಾದಿಗಳೂ ಹೋಗಿಬಿಡುತ್ತಿದ್ದರು.

ಯೆಹೂದ್ಯರು ಗ್ರೀಕನ್ನು ಪೂರ್ತಿ ಹೊರಗೆ ಹಾಕಿದರೆ? ಅದೂ ಆಗಲಿಲ್ಲ. ಅವರ ಹಿರಿಯರ ನ್ಯಾಯಸಭೆಯಾದ 'ಸನ್ಹೆದ್ರಿನ್' ಗ್ರೀಕ್ ಮಾತು. ಪಸ್ಕಹಬ್ಬದ ರಾತ್ರಿ ಊಟದ ಕೊನೆಗೆ ತಿನ್ನುವ ರೊಟ್ಟಿಯ ತುಂಡಿಗೆ ಇರುವ 'ಅಫಿಕೊಮನ್' ಎಂಬ ಹೆಸರೂ ಗ್ರೀಕೇ. ಜೀವದಿಂದಿರುವ ಯಾವ ಧರ್ಮವೂ ನೆರೆಯವರ ಗಾಳಿ ಸೋಕದೆ ಬೆಳೆದಿಲ್ಲ.

ಪೌಲನು ರೋಮಿನವರಿಗೆ ಬರೆದ ಪತ್ರದಲ್ಲಿ ಒಂದು ಹೋಲಿಕೆ ಕೊಡುತ್ತಾನೆ. ಅನ್ಯಜನರು ಕಾಡು ಆಲಿವ್ ಮರದ ಕೊಂಬೆ; ಯೆಹೂದ್ಯರೆಂಬ ತೋಟದ ಮರಕ್ಕೆ ಕಸಿ ಕಟ್ಟಲ್ಪಟ್ಟವರು. ಕಸಿಯ ಕೊಂಬೆ ಬೇರಿನ ಮೇಲೆ ಜಂಬ ಕೊಚ್ಚಬಾರದು ಎಂದು ಅವನ ಎಚ್ಚರಿಕೆ. ನಮ್ಮಲ್ಲಿ ಮಾವಿನ ಕಸಿ ಕಟ್ಟಿದವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಮುಂದೆ ಎಂದಾದರೂ ನಿಮ್ಮ ಊರಿನ ಇಗರ್ಜಿಯ ಮುಂದೆ ಹಾದುಹೋಗುವಾಗ ಒಂದು ಕ್ಷಣ ಕಿವಿಗೊಡಿ. ಪ್ರಾರ್ಥನೆ ಕನ್ನಡದಲ್ಲೋ ಕೊಂಕಣಿಯಲ್ಲೋ ನಡೆಯುತ್ತಿರುತ್ತದೆ. ಅದರಲ್ಲಿ ಬರುವ 'ಕ್ರಿಸ್ತ' ಗ್ರೀಕ್ ಶಬ್ದ. ಕೊನೆಗೆ ಎಲ್ಲರೂ ಒಟ್ಟಾಗಿ ಹೇಳುವ 'ಆಮೆನ್' ಹೀಬ್ರೂ. ಅದನ್ನು ಗ್ರೀಕರು ಭಾಷಾಂತರಿಸದೆ ಹಾಗೆಯೇ ಉಳಿಸಿಕೊಂಡರು; ಅವರಿಂದ ಪಡೆದವರೂ ಉಳಿಸಿಕೊಂಡರು. ಆ ಸುರುಳಿಯ ಲಿಪಿಕಾರನು ಹೀಬ್ರೂ ಅಕ್ಷರದಲ್ಲೇ ಬಿಟ್ಟ ದೇವರ ನಾಮದಂತೆ, ಈ ಒಂದು ಮಾತೂ ಎರಡು ಸಾವಿರ ವರ್ಷಗಳಿಂದ ತನ್ನ ತವರಿನ ಗುರುತನ್ನು ಹೊತ್ತುಕೊಂಡು ಬಂದಿದೆ.